ಎಂತ ಪದಾರ್ಥ?

ಕಾಪುವಿನಲ್ಲಿ, ತೀರಿಹೋದ ಡಾಕ್ಟರರ ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತವರೆಲ್ಲ ಅವರ ಕಣ್ಣಿನ ಬಗ್ಗೆಯೇ ಮಾತನಾಡಿದರು. ಎಕೋ ಯಂತ್ರದ ಪರದೆಯಲ್ಲಿ ಉಳಿದವರಿಗೆ ಬರೀ ಬೂದು ಮೋಡ ಕಾಣುವಾಗ ಮೇಡಂಗೆ ಹೃದಯದ ಒಂದೊಂದು ದಾರವೂ ಕಾಣುತ್ತಿತ್ತು ಎಂದ ಒಬ್ಬ ಶಿಷ್ಯ. ಅಂಥ ಕಣ್ಣು ದೇವರು ಕೊಟ್ಟದ್ದು ಎಂದಳು ಇನ್ನೊಬ್ಬಳು. ಎಲ್ಲರೂ ತಲೆದೂಗಿದರು. ಸಾವಿನ ಮನೆಯಲ್ಲಿ ಯಾರಾದರೂ ಒಳ್ಳೆಯ ಮಾತು ಆಡಿದರೆ ತಲೆದೂಗುವುದು ಒಂದು ಮ್ಯಾನರ್ಸ್. ನಾನೂ ತೂಗಿದೆ.

ಆದರೆ ನನಗೆ ನೆನಪಾಗುತ್ತಿದ್ದದ್ದು ಅವರ ಕಣ್ಣಲ್ಲ. ಅವರು ಕೇಳುತ್ತಿದ್ದ ಒಂದು ಪ್ರಶ್ನೆ. ಆ ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯ ಕಾಂಪೌಂಡ್ ಗೋಡೆಯ ಬಳಿ, ಒಂದು ಒಗ್ಗರಣೆಯ ಪರಿಮಳದಿಂದ ಎಂದರೆ ಆ ಮಕ್ಕಳು ನಂಬುತ್ತಿರಲಿಲ್ಲ.

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅವರು ಬಹಳ ವರ್ಷ ಬಾಡಿಗೆಗೆ ಇದ್ದರು. ಹೃದಯದ ಡಾಕ್ಟರ್, ಆದರೆ ಕತ್ತಿ ಹಿಡಿಯುವವರಲ್ಲ. ಹೃದಯದ ಚಿತ್ರ ತೆಗೆದು, ಓದಿ, ಎಲ್ಲಿ ಕೆಟ್ಟಿದೆ, ಹೇಗೆ ಒಳಗೆ ಹೋಗಬೇಕು ಎಂದು ಸರ್ಜನ್‌ಗೆ ಮೊದಲೇ ದಾರಿ ಹೇಳುವವರು. 'ನಾನು ಬರೀ ಪಟದ ಡಾಕ್ಟರ್' ಎಂದು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ಕಾಟನ್ ಸೀರೆ, ಗಂಡಸರ ವಾಚು, ವರ್ಷಕ್ಕೊಂದು ಹೊಸ ಕೊಡೆ. ಕೊಡೆಯ ಕಥೆ ಮುಂದೆ ಹೇಳುತ್ತೇನೆ. ಅವರು ಕಾಪುವಿನ ಮೀನುಗಾರರ ಮನೆಯ ಮಗಳು. ಅವರ ಅಮ್ಮ ಬುಟ್ಟಿ ತುಂಬ ಮೀನು ತಕೊಂಡು ಬೆಳಗಿನ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಮನೆ ಮನೆಗೆ ಮಾರಿದವರು. ಅದನ್ನು ಡಾಕ್ಟರ್ ಮುಚ್ಚಿಡುತ್ತಿರಲಿಲ್ಲ, ಮೆರೆಸುತ್ತಲೂ ಇರಲಿಲ್ಲ. 'ಮಲ್ಪೆಯಲ್ಲಿ ಏಲಂ ಕೂಗುವವ ಎಷ್ಟೇ ಬೊಬ್ಬೆ ಹೊಡೆಯಲಿ, ಅಮ್ಮ ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಮುಟ್ಟುತ್ತಿರಲಿಲ್ಲ ಟೀಚರ್' ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು, ಅಷ್ಟೆ. ನಾನು ಇಂಗ್ಲಿಷ್ ಕಲಿಸಿ ರಿಟೈರ್ ಆದವಳಾದ್ದರಿಂದ ಬೀದಿಗೆಲ್ಲ ಟೀಚರ್, ಅವರಿಗೂ ಟೀಚರ್.

ನನ್ನ ಯಜಮಾನರ ಅಕ್ಕ ನಮ್ಮ ಜೊತೆಗೇ ಇದ್ದರು. ನನಗೆ ಅತ್ತಿಗೆ. ಕಾನ್ವೆಂಟಿನಲ್ಲಿ ಬೆಳೆದ ನನಗೆ ಮಡಿ, ಮೈಲಿಗೆ, ತಿಥಿ, ನಕ್ಷತ್ರ ಎಲ್ಲ ಲೇಟ್ ಅಡ್ಮಿಷನ್. ಅತ್ತಿಗೆಗೆ ಅದೇ ಉಸಿರು. ಏಕಾದಶಿ ಎಂದರೆ ಅವರಿಗೆ ಒಂದು ಹನಿ ನೀರೂ ಇಲ್ಲ. ಮರುದಿನ ದ್ವಾದಶಿ, ಸೂರ್ಯ ಹುಟ್ಟುವ ಹೊತ್ತಿಗೆ ಅಡಿಗೆ ಮಾಡಿ ನೈವೇದ್ಯ ಇಟ್ಟು ಊಟ. ಆ ಊಟಕ್ಕೆ ಪಾರಣೆ ಎನ್ನುತ್ತಾರೆ. ನಾನು ಮದುವೆಯಾದ ಹೊಸತರಲ್ಲಿ ಅದನ್ನು ನೋಡಿ ಬೆರಗಾದೆ, ಆಮೇಲೆ ಅಭ್ಯಾಸವಾಯಿತು, ಆಮೇಲೆ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಮನೆಯ ಗಡಿಯಾರದ ಟಿಕ್ ಟಿಕ್ ಯಾರಿಗೆ ಕೇಳುತ್ತದೆ?

ಈ ಅತ್ತಿಗೆಗೂ ಆ ಡಾಕ್ಟರಿಗೂ ಗೋಡೆಯ ಸ್ನೇಹ. ಡಾಕ್ಟರ್ ಬೇಕೆಂದೇ ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು, "ದೊಡ್ಡಮ್ಮ, ನಾನು ಈಗಷ್ಟೇ ಮೀನು ತಿಂದು ಬಂದದ್ದು. ಇಲ್ಲೇ ನಿಲ್ತೇನೆ, ಆಗದಾ?" ಎನ್ನುತ್ತಿದ್ದರು.

"ದೂರ ನಿಂತರೂ ವಾಸನೆ ಬರ್ತದೆ ಮಾರಾಯ್ತಿ, ಮಾತು ಮಾತ್ರ ಕೇಳುವುದಿಲ್ಲ," ಎನ್ನುತ್ತಿದ್ದರು ಅತ್ತಿಗೆ. "ಹತ್ತಿರ ಬಾ."

ಹೀಗಿರುವಾಗ ಅತ್ತಿಗೆಗೆ ದಮ್ಮು ಶುರುವಾಯಿತು. ಬಾವಿಯಿಂದ ಒಂದು ಕೊಡ ನೀರು ಎಳೆದರೆ ಕಟ್ಟೆಯ ಮೇಲೆ ಕುಳಿತುಬಿಡುವರು. ಮಲಗಿದರೆ ಉಸಿರು ಸಿಗದೆ ಎದ್ದು ಗೋಡೆಗೆ ಒರಗುವರು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎಕೋ ಮಾಡಿ ಹೃದಯದ ಎಡಗಡೆಯ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ, ಆಪರೇಶನ್ ಬೇಕಾದೀತು ಎಂದರು. ಅತ್ತಿಗೆ ಹೆದರಿದ್ದು ಸಾವಿಗಲ್ಲ. ಎದೆಯ ಮೂಳೆ ಸೀಳುತ್ತಾರೆ, ಆಮೇಲೆ ಬಾವಿ ನೀರಿಲ್ಲ, ಅರೆಯುವ ಕಲ್ಲಿಲ್ಲ, ದೇವರಿಗೆ ಯಾರೋ ಬೇಯಿಸಿದ್ದನ್ನು ಇಡಬೇಕು ಎನ್ನುವುದಕ್ಕೆ. ಅದೂ ಆ 'ಯಾರೋ' ನಾನೇ ಎನ್ನುವುದಕ್ಕೆ.

"ನಿನ್ನ ಹುಳಿ ತಿನ್ನುವುದಕ್ಕೆ ದೇವರು ಎಂತ ಪಾಪ ಮಾಡಿದ್ದಾನೆ?" ಎಂದರು ನನ್ನನ್ನು ನೋಡಿ.

ಪಕ್ಕದ ಮನೆಯ ಡಾಕ್ಟರ್ ಸಮಾಧಾನ ಹೇಳಿದರು. ಈಗ ಎದೆ ಸೀಳಲೇಬೇಕೆಂದಿಲ್ಲ. ಬಲಗಡೆ ಪಕ್ಕೆಲುಬಿನ ಸಂದಿಯಲ್ಲಿ ಚಿಕ್ಕ ಗಾಯ ಮಾಡಿ, ಅಲ್ಲಿಂದಲೇ ಕ್ಯಾಮರಾ ಹಾಕಿ ವಾಲ್ವ್ ರಿಪೇರಿ ಮಾಡುತ್ತಾರೆ. ಆದರೆ ಚಿಕ್ಕ ಬಾಗಿಲಿನಿಂದ ಹೋಗುವವನಿಗೆ ಒಳಗೆ ಹೋದ ಮೇಲೆ ಹುಡುಕುತ್ತಾ ಕೂರಲು ಆಗುವುದಿಲ್ಲ. ಏನು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ಹೊರಗಿನಿಂದಲೇ ಗೊತ್ತಿರಬೇಕು. ಅದಕ್ಕೆ ಒಳ್ಳೆಯ ಚಿತ್ರ ಬೇಕು. 'ನೀವು ನಮ್ಮ ಆಸ್ಪತ್ರೆಗೆ ಬನ್ನಿ, ಚಿತ್ರ ನಾನೇ ತೆಗೀತೇನೆ' ಎಂದರು.

ಹೇಳಿದ ದಿನ ಮಣಿಪಾಲದ ಬಸ್ಸು ಹತ್ತಿ ಹೋದೆವು. ಡಾಕ್ಟರ್ ಅತ್ತಿಗೆಯ ಕೈ ಹಿಡಿದು ಒಳಗೆ ಕರೆದರು. "ಊಟ ಆಯ್ತಾ ದೊಡ್ಡಮ್ಮ?"

"ಆಯ್ತು ಆಯ್ತು. ನಿನ್ನದಾಯ್ತಾ?"

ನಮ್ಮೂರಲ್ಲಿ ಇದು ಗುಡ್ ಮಾರ್ನಿಂಗ್ ಇದ್ದ ಹಾಗೆ. ಕೇಳಿದವರೂ ಉತ್ತರಕ್ಕೆ ಕಾಯುವುದಿಲ್ಲ, ಹೇಳಿದವರೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುವುದಿಲ್ಲ. ನಾನು ಹೊರಗೆ ಬೆಂಚಿನಲ್ಲಿ ಕುಳಿತು ಪೇಪರ್ ಓದಿದೆ.

ಚಿತ್ರದಲ್ಲಿ ಸೋರಿಕೆ ಕಡಿಮೆ ಕಂಡಿತು. ಕ್ಲಿನಿಕ್ಕಿನವರು ಹೇಳಿದಷ್ಟು ಇಲ್ಲವೇ ಇಲ್ಲ. ಆಸ್ಪತ್ರೆಯ ಸರ್ಜನ್ ಬಂದು ನೋಡಿದರು. ಕಾರ್ಕಳದವರು, ಎತ್ತರವೂ ಆ ಊರಿನ ಏಕಶಿಲಾ ಮೂರ್ತಿಗೆ ತಕ್ಕ ಹಾಗೆಯೇ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವವರು. "ಈಗ ಕೈ ಹಾಕುವ ಅಗತ್ಯ ಕಾಣುವುದಿಲ್ಲ ಅಮ್ಮ. ಮಾತ್ರೆ ತಕೊಳ್ಳಿ, ಆರು ತಿಂಗಳು ಬಿಟ್ಟು ನೋಡುವ," ಎಂದರು.

ಅತ್ತಿಗೆಯ ಮುಖ ಬೆಳಗಿತು. ಬಸ್ಸಿನಲ್ಲಿ ಬರುವಾಗ, "ನೋಡಿದಿಯಾ? ಕೃಷ್ಣ ಇದ್ದಾನೆ," ಎಂದರು. ನಾನೂ ಖುಷಿಪಟ್ಟೆ. ಡಾಕ್ಟರ್ ಮಾತ್ರ ಬಾಗಿಲವರೆಗೆ ಬಂದು ಬೀಳ್ಕೊಡುವಾಗ ಅಷ್ಟೇನೂ ನಗಲಿಲ್ಲ. ಸಂಜೆ ಗೋಡೆಯ ಬಳಿ ನಾನು ಒಬ್ಬಳೇ ಸಿಕ್ಕಾಗ ಹೇಳಿದರು, "ಟೀಚರ್, ಒಂದು ಸರಿ ಹೋಗುವುದಿಲ್ಲ. ಸೋರಿಕೆ ಚಿಕ್ಕದು, ಆದರೆ ಸೋರಿದ ರಕ್ತ ಸೇರುವ ಹೃದಯದ ಕೋಣೆ ದೊಡ್ಡದಾಗಿದೆ. ಬಹಳ ದಿನದಿಂದ ತುಂಬಾ ಸೋರಿದ್ದರೆ ಮಾತ್ರ ಹಾಗೆ ಹಿಗ್ಗುವುದು. ಇವರಿಗೆ ದಮ್ಮು ಬೇರೆ. ಮೂರರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಾ ಇದ್ದಾರೆ."

"ಯಂತ್ರ ಇರಬಹುದು," ಎಂದೆ.

"ಯಂತ್ರ ಪಾಪ, ಎದುರಿಗೆ ಇದ್ದದ್ದನ್ನು ತೋರಿಸ್ತದೆ."

ಮರುದಿನ ಬೆಳಕು ಹರಿಯುವ ಹೊತ್ತು. ಡಾಕ್ಟರ್ ವಾಕಿಂಗ್ ಹೊರಟವರು ನಮ್ಮ ಗೋಡೆಯ ಪಕ್ಕದಲ್ಲಿ ನಿಂತುಬಿಟ್ಟರು. ನಮ್ಮ ಅಡಿಗೆಮನೆಯ ಕಿಟಕಿಯಿಂದ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವು ಚಟಪಟ ಎನ್ನುತ್ತಿತ್ತು.

"ದೊಡ್ಡಮ್ಮ! ಇಷ್ಟು ಬೆಳಿಗ್ಗೆ ಒಗ್ಗರಣೆಯಾ? ಯಾರು ಬರ್ತಾರೆ?"

"ಯಾರೂ ಇಲ್ಲ ಮಾರಾಯ್ತಿ. ಇವತ್ತು ದ್ವಾದಶಿ ಅಲ್ವಾ? ಪಾರಣೆಗೆ ನೆಲ್ಲಿಕಾಯಿ ತಂಬುಳಿ, ಅಗಸೆ ಸೊಪ್ಪಿನ ಪಲ್ಯ."

ಡಾಕ್ಟರ್ ಗೋಡೆಯ ಹತ್ತಿರ ಬಂದರು. ಈ ಸಲ ಎರಡು ಹೆಜ್ಜೆ ದೂರ ಇಡಲಿಲ್ಲ. "ಹಾಗಾದರೆ ನಿನ್ನೆ ಏಕಾದಶಿ. ನೀವು ನಿನ್ನೆ ಎಂತ ತಿಂದಿರಿ?"

"ಎಂತ ಪ್ರಶ್ನೆ ಇದು! ಏಕಾದಶಿಗೆ ತಿನ್ನುವುದಾ?"

"ನೀರು?"

"ನೀರೂ ಇಲ್ಲ."

"ಮಾತ್ರೆ ತಕೊಂಡಿರಾ? ಕ್ಲಿನಿಕ್ಕಿನವರು ಮೂತ್ರ ಹೋಗುವುದಕ್ಕೆ ಕೊಟ್ಟದ್ದು?"

"ಅದು ತಕೊಂಡೆ. ಔಷಧಿಗೆ ದೋಷ ಇಲ್ಲ. ಒಂದು ಉದ್ಧರಣೆ ತೀರ್ಥದಲ್ಲಿ ನುಂಗಿದೆ."

"ಊಟ ಆಯ್ತಾ ಅಂತ ಕೇಳಿದ್ದಕ್ಕೆ ಆಯ್ತು ಅಂದಿರಲ್ಲ?"

"ಕೇಳಿದವರಿಗೆ ಇಲ್ಲ ಅನ್ನುವುದಕ್ಕೆ ಆಗ್ತದಾ? ಆಮೇಲೆ ನೀನು ಎಂತಾದರೂ ತಂದು ಕೊಟ್ಟರೆ?"

ಡಾಕ್ಟರ್ ಗೋಡೆಯ ಮೇಲೆ ಎರಡೂ ಅಂಗೈ ಇಟ್ಟು ನಿಂತರು. ಸಿಟ್ಟು ಬಂತೋ ಎಂದು ನೋಡಿದೆ. ಇಲ್ಲ. ನಿಧಾನವಾಗಿ, ತಮಗೇ ಹೇಳಿಕೊಳ್ಳುವ ಹಾಗೆ, "ಬಿ.ಪಿ. ಕಡಿಮೆ ಇತ್ತು. ನಾನು ವಯಸ್ಸು ಅಂದುಕೊಂಡೆ," ಎಂದರು. ಆಮೇಲೆ ಅತ್ತಿಗೆಗೆ ತಿಳಿಯುವ ಹಾಗೆ ಹೇಳಿದರು, "ದೊಡ್ಡಮ್ಮ, ಕೊಡ ತೂತಾಗಿದೆಯಾ ಅಂತ ನೋಡಬೇಕಾದರೆ ನೀರು ತುಂಬಿಸಿ ನೋಡಬೇಕಲ್ವಾ? ನಾನು ನಿನ್ನೆ ಖಾಲಿ ಕೊಡ ನೋಡಿ ಸೋರುವುದಿಲ್ಲ ಅಂತ ಬರೆದೆ."

ಅತ್ತಿಗೆ ಸೌಟು ಹಿಡಿದುಕೊಂಡೇ ನಿಂತಿದ್ದರು. "ಹಾಗಾದರೆ ಕೃಷ್ಣ ಮಾಡಿದ್ದಲ್ಲವಾ?"

"ಕೃಷ್ಣ ಇವತ್ತು ನನಗೆ ಒಗ್ಗರಣೆ ವಾಸನೆ ಕೊಟ್ಟನಲ್ಲ. ಅಷ್ಟು ಸಾಕು."

ಅವರು ವಾಕಿಂಗ್ ಹೋಗಲಿಲ್ಲ.

ಆ ದಿನ ಆಸ್ಪತ್ರೆಯ ಮೀಟಿಂಗಿನಲ್ಲಿ ಏನಾಯಿತೆಂದು ನನಗೆ ಗೊತ್ತಾದದ್ದು ಮೊನ್ನೆ, ಕಾಪುವಿನ ಆ ಅಂಗಳದಲ್ಲಿ. ಕಾರ್ಕಳದ ಸರ್ಜನ್ ಪಕ್ಕದ ಕುರ್ಚಿಗೆ ಬಂದು ಕುಳಿತರು. ಈಗ ಅವರಿಗೂ ಬೆನ್ನು ಬಾಗಿದೆ, ಬಾಗಿಲಿಗೆ ತಲೆ ತಗ್ಗಿಸಬೇಕಾಗಿಲ್ಲ. "ಎಲ್ಲ ಜೂನಿಯರ್ಸ್ ಕೂತಿದ್ದರು ಟೀಚರ್. ಇವರು ಎದ್ದು ನಿಂತು, ನಿನ್ನೆಯ ಚಿತ್ರ ಹಾಕಿಸಿದರು. ಚಿತ್ರ ತಪ್ಪಲ್ಲ, ಓದಿದ ನಾನು ತಪ್ಪು, ಪೇಶಂಟ್ ಯಾವ ಸ್ಥಿತಿಯಲ್ಲಿ ಬಂದಿದ್ದಾರೆ ಅಂತ ಕೇಳದೆ ಓದಿದ್ದೇನೆ, ಅಂದರು. ನಾನು ತಮಾಷೆಗೆ, ನಿಮ್ಮ ಅಮ್ಮ ನಮ್ಮ ಅಮ್ಮನಿಗೆ ಹಳೇ ಬಂಗುಡೆ ಕೊಟ್ಟ ಹಾಗಾಯ್ತಲ್ಲ ಅಂದೆ. ಅವರು ಬಿಡುವವರಾ? 'ನಿಮ್ಮ ಅಮ್ಮ ಕಿವಿರು ಎತ್ತಿ ನೋಡದೆ ತಕೊಂಡದ್ದು ಯಾಕೆ? ನಿನ್ನೆ ನೀವೂ ನೋಡಲಿಲ್ಲ' ಅಂದರು. ಎಲ್ಲರ ಎದುರು."

ಹೇಳುತ್ತಾ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅತ್ತಿಗೆಯನ್ನು ಮತ್ತೆ ಕರೆಸಿದರು. ಈ ಸಲ ಮನೆಯಿಂದ ಹೊರಡುವಾಗ ಊಟ, ಜೊತೆಗೆ ಒಂದು ಚೊಂಬು ನೀರು, ಅದೂ ಡಾಕ್ಟರ್ ಗೋಡೆಯಾಚೆ ನಿಂತು ನೋಡುತ್ತಿರುವಾಗ. ಸೋರಿಕೆ ಕ್ಲಿನಿಕ್ಕಿನವರು ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಎದೆಯ ಮೇಲಿನಿಂದ ನೋಡಿದ್ದು ಸಾಲದೆ, ಇನ್ನೊಂದು ದಿನ ಗಂಟಲಿನ ಮೂಲಕ ತೆಳ್ಳಗಿನ ಕೊಳವೆ ಇಳಿಸಿ ಹೃದಯದ ಬೆನ್ನ ಹಿಂದಿನಿಂದ ಚಿತ್ರ ತೆಗೆದರು. ಕೊಳವೆ ಎಂದಾಗ ಅತ್ತಿಗೆ ಅಡ್ಡ ನಿಂತಿದ್ದರು.

"ಒಳಗೆ ಲೈಟ್ ಹಾಕ್ತೀರಾ?"

"ಲೈಟ್ ಅಲ್ಲ ದೊಡ್ಡಮ್ಮ, ಶಬ್ದ. ನಮ್ಮ ಕಿವಿಗೆ ಕೇಳದ ಶಬ್ದ. ಅದು ಹೋಗಿ ತಾಗಿ ವಾಪಸ್ ಬರುವಾಗ ಚಿತ್ರ ಆಗ್ತದೆ."

"ಶಂಖ ಊದಿದ ಹಾಗಾ?"

"ಹಾಗೇ ಅಂತ ಇಟ್ಟುಕೊಳ್ಳಿ."

"ಹಾಗಾದರೆ ಅಡ್ಡಿ ಇಲ್ಲ."

ಆ ಚಿತ್ರವನ್ನು ಅವರು ನಮಗಿಬ್ಬರಿಗೂ ತೋರಿಸಿದರು. ತಮ್ಮ ಹೃದಯ ತಾವೇ ನೋಡದೆ ಯಾರೂ ಸಹಿ ಹಾಕಬಾರದು ಎನ್ನುವುದು ಅವರ ಹಠ. ಬಾವಿಕಟ್ಟೆಗೆ ಬಗ್ಗಿ ಒಳಗೆ ನೋಡಿದ ಹಾಗಿತ್ತು. ಕೆಳಗೆ ವಾಲ್ವಿನ ಎರಡು ಎಸಳು ತೆರೆದು ಮುಚ್ಚುತ್ತಿದ್ದವು, ಒಂದರ ನಡುವಿನ ತುಂಡು ಮಾತ್ರ ಮುಚ್ಚುವ ಪ್ರತಿ ಸಲವೂ ನಮ್ಮ ಕಡೆಗೇ ಮಗುಚಿ ಬೀಳುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಡಾಕ್ಟರ್ ಮೂಲೆಯಲ್ಲಿದ್ದ ನನ್ನ ಕೊಡೆ ಬಿಡಿಸಿದರು. ಕೇಳದೆಯೇ, ಬಟ್ಟೆಯನ್ನು ಕಡ್ಡಿಯ ತುದಿಗೆ ಕಟ್ಟಿದ್ದ ದಾರವನ್ನು ಕತ್ತರಿಯಿಂದ ಕತ್ತರಿಸಿದರು. ಆ ಮೂಲೆ ಹಿಡಿದು ಮೇಲಕ್ಕೆ ಎತ್ತಿದರು. "ಕಾಪು ಬೀಚಿನಲ್ಲಿ ಗಾಳಿಗೆ ಹೀಗಾಗ್ತದಲ್ಲ? ವಾಲ್ವನ್ನೂ ಹೀಗೆ ದಾರಗಳು ಕೆಳಗಿನಿಂದ ಹಿಡಿದುಕೊಂಡಿರ್ತಾವೆ. ಇವರದ್ದು ಒಂದು ತುಂಡಾಗಿದೆ. ಕೊಡೆ ಬಿಸಾಡುವುದು ಬೇಡ, ದಾರ ಕಟ್ಟಿದರೆ ಸಾಕು."

"ನನ್ನ ಕೊಡೆ?" ಎಂದೆ.

"ಸಾರಿ ಟೀಚರ್."

ಆಮೇಲೆ ಬೇರೆ ಪೇಶಂಟುಗಳಿಗೆ ತೋರಿಸಲು ಅವರು ತಮ್ಮದೇ ಕೊಡೆಗಳನ್ನು ಕತ್ತರಿಸುತ್ತಾ ಹೋದರು. ವರ್ಷಕ್ಕೊಂದು ಹೊಸ ಕೊಡೆ ಬೇಕಾದದ್ದು ಹೀಗೆ.

ಸಿ.ಟಿ. ಸ್ಕ್ಯಾನ್ ಕೂಡ ಆಯಿತು. ಆಪರೇಶನ್ ಹೊತ್ತಿಗೆ ಹೃದಯದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ತೊಡೆಸಂದಿಯ ರಕ್ತನಾಳದಿಂದ ನಳಿಗೆ ಹಾಕುತ್ತಾರಂತೆ. ಆ ದಾರಿ ಸ್ವಚ್ಛ ಇದೆಯಾ, ಪಕ್ಕೆಲುಬಿನ ಯಾವ ಸಂದಿಯಿಂದ ಹೋದರೆ ವಾಲ್ವ್ ನೇರ ಸಿಗುತ್ತದೆ ಎಂದು ನೋಡುವುದಕ್ಕೆ. "ಅಮ್ಮ ಕಾರ್ಕಳಕ್ಕೆ ಹೊರಡುವ ಮೊದಲು ಶಿರ್ವದ ರಸ್ತೆ ಹೇಗುಂಟು ಅಂತ ಡ್ರೈವರನ್ನು ಕೇಳಿಯೇ ಬುಟ್ಟಿ ಹತ್ತಿಸುವುದು," ಎಂದರು. ಅತ್ತಿಗೆಯ ರಸ್ತೆ ಚೆನ್ನಾಗಿತ್ತು. ಜೀವಮಾನವಿಡೀ ಉಪವಾಸ ಮಾಡಿದ್ದಕ್ಕೆ ಎಂದು ಅತ್ತಿಗೆಯೇ ಅದರ ಮಾರ್ಕ್ಸ್ ತೆಗೆದುಕೊಂಡರು.

ಇಷ್ಟಾದರೂ ಏಕಾದಶಿ ಬಿಡಿ ಎಂದು ಡಾಕ್ಟರ್ ಒಂದು ದಿನವೂ ಹೇಳಲಿಲ್ಲ. ನಾನು ಹೇಳಿ ಎಂದು ಒತ್ತಾಯಿಸಿದ್ದೆ. "ಅವರ ಉಪವಾಸ ಅವರದ್ದು ಟೀಚರ್. ಅದು ನನಗೆ ಗೊತ್ತಿರಬೇಕು, ಅಷ್ಟೇ. ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸ," ಎಂದರು. ತಮಾಷೆ ಎಂದರೆ ಸರ್ಜನ್ ಕೊಟ್ಟ ದಿನ ಏಕಾದಶಿಯೇ ಬಂತು. ನಾನು ದಿನ ಬದಲಿಸಲು ಹೊರಟೆ. ಅತ್ತಿಗೆ ತಡೆದರು. "ಆಪರೇಶನಿಗೆ ಹೇಗೂ ಹೊಟ್ಟೆ ಖಾಲಿ ಬೇಕಂತೆ. ಒಂದೇ ಉಪವಾಸದಲ್ಲಿ ಎರಡು ಕೆಲಸ ಆಗ್ತದೆ."

"ಆದರೆ ಕೈಗೆ ಡ್ರಿಪ್ ಹಾಕ್ತೇವೆ ದೊಡ್ಡಮ್ಮ. ನೀರು ಒಳಗೆ ಹೋಗ್ತದೆ. ಈಗಲೇ ಹೇಳಿದ್ದೇನೆ," ಎಂದರು ಡಾಕ್ಟರ್.

ಅತ್ತಿಗೆಯೊಳಗೆ ಯಾವ ಯಾವ ಶಾಸ್ತ್ರ ಓಡಾಡಿತೋ. ಕೊನೆಗೆ, "ಬಾಯಿಯಿಂದ ಹೋಗದ್ದು ಕುಡಿದ ಲೆಕ್ಕಕ್ಕೆ ಬರುವುದಿಲ್ಲ. ಹಾಕು," ಎಂದು ತೀರ್ಪು ಕೊಟ್ಟರು.

ಆಪರೇಶನ್ ನಡೆಯುವಾಗ ಡಾಕ್ಟರ್ ಒಳಗೇ ಇದ್ದರು, ಸರ್ಜನ್ ದಾರ ಕಟ್ಟಿದ ಮೇಲೆ ಸೋರುತ್ತಿದೆಯೋ ಎಂದು ಮತ್ತೆ ಚಿತ್ರ ನೋಡುವುದಕ್ಕೆ. ಹೊರಗೆ ಬಂದವರು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು ಟೋಪಿ ತೆಗೆದರು. ಕೂದಲೆಲ್ಲ ಅಂಟಿತ್ತು. "ಒಣಗಿದೆ ಟೀಚರ್," ಎಂದರು. ನನಗೆ ಗಂಟಲು ಒಣಗಿದೆ ಎಂದು ಕೇಳಿ ನೀರಿನ ಬಾಟಲಿ ಕೊಟ್ಟೆ. ನಕ್ಕು ಕುಡಿದರು. "ವಾಲ್ವ್ ಕೂಡ. ಒಂದು ಹನಿ ಇಲ್ಲ. ತುಂಬಿದ ಕೊಡದಲ್ಲೇ ನೋಡಿ ಬಂದೆ."

ಅತ್ತಿಗೆ ಆಮೇಲೆ ಬಹಳ ವರ್ಷ ಬಾಳಿದರು, ಬಾವಿ ನೀರೂ ಎಳೆದರು, ನನ್ನ ಹುಳಿಯನ್ನು ದೇವರಿಂದ ದೂರವೇ ಇಟ್ಟರು. ಹೋದದ್ದು ಬೇರೆ ಕಾಯಿಲೆಯಲ್ಲಿ. ಹೃದಯ ಕೊನೆಯವರೆಗೆ ಮಾತು ಉಳಿಸಿಕೊಂಡಿತು.

ಡಾಕ್ಟರರ ಎಕೋ ರೂಮಿನಲ್ಲಿ ಅಂದಿನಿಂದ ಯಂತ್ರದ ಪಕ್ಕದಲ್ಲಿ ಒಂದು ಪಂಚಾಂಗದ ಕ್ಯಾಲೆಂಡರ್ ನೇತಾಡತೊಡಗಿತು. ಮೇಡಂ ರಾಹುಕಾಲ ನೋಡಿ ಎಕೋ ಮಾಡುತ್ತಾರೆ ಎಂದು ಜೂನಿಯರ್ಸ್ ಬೆನ್ನ ಹಿಂದೆ ನಕ್ಕರಂತೆ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು, ರಂಜಾನ್, ಗುಡ್ ಫ್ರೈಡೇ, ಎಲ್ಲವನ್ನೂ ಅವರು ಪೇಶಂಟಿನ ಮುಖ ನೋಡುವ ಮೊದಲು ನೋಡಿಕೊಳ್ಳುತ್ತಿದ್ದರು. ಕ್ಯಾಲೆಂಡರಿನಲ್ಲಿ ಇಲ್ಲದ ಉಪವಾಸಗಳೂ ಇರುತ್ತವೆ, ಸೊಸೆಯ ಮೇಲಿನ ಸಿಟ್ಟಿನದ್ದು, ದುಃಖದ್ದು, ಸುಮ್ಮನೆ ಉದಾಸೀನದ್ದು. ಅದಕ್ಕೆ ಅವರದೊಂದು ಉಪಾಯ. 'ಊಟ ಆಯ್ತಾ' ಎಂದು ಕೇಳಿ, 'ಆಯ್ತು' ಎಂಬ ಉತ್ತರ ಬಂದ ಕೂಡಲೇ ಎರಡನೆಯ ಪ್ರಶ್ನೆ, "ಎಂತ ಪದಾರ್ಥ?" ನಮ್ಮಲ್ಲಿ ಅನ್ನದ ಜೊತೆ ಬಡಿಸುವುದಕ್ಕೆಲ್ಲ ಪದಾರ್ಥ ಎನ್ನುವುದು. ಉಣ್ಣದವರು ಆಯ್ತು ಎನ್ನಬಹುದು. ಪದಾರ್ಥದ ಹೆಸರು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ ಎನ್ನುತ್ತಿದ್ದರು.

ಕಾಪುವಿನಿಂದ ಬಂದ ಮೇಲೆ ನನಗೂ ಎಕೋ ದಿನ ಇತ್ತು. ಮೊದಲೇ ನಿಗದಿಯಾದದ್ದು, ಡಾಕ್ಟರ್ ಇದ್ದಾಗಲೇ ಫೋನಿನಲ್ಲಿ ಗದರಿಸಿ ಮಾಡಿಸಿದ್ದು. ಹೋದೆ. ಅದೇ ರೂಮು, ಹೊಸ ಯಂತ್ರ, ಗೋಡೆಯಲ್ಲಿ ಈ ವರ್ಷದ ಕ್ಯಾಲೆಂಡರ್. ಈಗಿನ ಡಾಕ್ಟರ್ ಉತ್ತರ ಭಾರತದ ಕಡೆಯ ಹುಡುಗಿ, ಕನ್ನಡ ಇನ್ನೂ ಹಲ್ಲಿಗೆ ತಾಗಿಸಿ ತಾಗಿಸಿ ಆಡುತ್ತಾಳೆ. ಒಮ್ಮೆ ಕ್ಯಾಲೆಂಡರ್ ನೋಡಿದಳು. ಆಮೇಲೆ ನನ್ನನ್ನು.

"ಊಟ ಆಯ್ತಾ ಅಮ್ಮಾ?"

"ಆಯ್ತು."

ಅವಳು ಜೆಲ್ಲಿಯ ಬಾಟಲಿ ಮುಟ್ಟಲಿಲ್ಲ. ನೆನಪು ಮಾಡಿಕೊಂಡು, ಪಾಠ ಒಪ್ಪಿಸುವ ಹಾಗೆ ಕೇಳಿದಳು, "ಎಂತ ಪದಾರ್ಥ?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಕಾಪುವಿನಿಂದ ಬಂದಾಗಿನಿಂದ ಒಲೆ ಹಚ್ಚುವ ಮನಸ್ಸೇ ಆಗಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಚಹಾ ಮಾತ್ರ ಕುಡಿದು ಬಸ್ಸು ಹತ್ತಿದ್ದೆ. ಡು ಯು ನೋ ವಾಟ್ ಇಟ್ ಮೀನ್ಸ್ ಎಂದು ಇಂಗ್ಲಿಷಿನಲ್ಲಿ ಕೇಳಿ ತಪ್ಪಿಸಿಕೊಳ್ಳಲು ನೋಡಿದೆ.

"ಅರ್ಥ ಪೂರ್ತಿ ಗೊತ್ತಿಲ್ಲ ಮ್ಯಾಮ್," ಎಂದಳು. "ಉತ್ತರ ಬರುವವರೆಗೆ ಶುರು ಮಾಡಬಾರದು ಅಂತ ಮೇಡಂ ಹೇಳಿಕೊಟ್ಟಿದ್ದಾರೆ. ಕ್ಯಾಂಟೀನ್ ಕೆಳಗೆ ಉಂಟು. ತಿಂದು, ನೀರು ಕುಡಿದು ಬನ್ನಿ. ನಾನು ಕಾಯ್ತೇನೆ."

ನಾನು ಸೆರಗು ಸರಿಮಾಡಿಕೊಂಡು ಇಳಿದೆ. ಕ್ಯಾಂಟೀನಿನಲ್ಲಿ ಅನ್ನದ ಮೇಲೆ ಹುಳಿ ಸುರಿದು ಕೊಟ್ಟರು. ನಮ್ಮೂರ ಗುಳ್ಳ ಬದನೆಯ ಹೋಳು ಮೆತ್ತಗೆ ಬೆಂದಿತ್ತು. ಎಷ್ಟೋ ದಿನಗಳ ಮೇಲೆ ಎಲೆಯ ಮುಂದೆ ಕುಳಿತ ಹಾಗೆ ಪೂರ್ತಿ ಉಂಡೆ, ಮೇಲೆ ಎರಡು ಲೋಟ ನೀರು ಕುಡಿದೆ. ಆಮೇಲೆ ಮೆಟ್ಟಿಲು ಹತ್ತಿ, ಬಾಗಿಲು ದೂಡಿ, ಅವಳು ಕೇಳುವ ಮೊದಲೇ ಹೇಳಿದೆ.

"ಗುಳ್ಳದ ಹುಳಿ."